ಆಟದ ಚಾಸಿ, ಊರಿನ ಬಾಡಿ

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಂಜೆಯ ಹೊತ್ತು ಕಂಪ್ಲಿಯ ಬಸ್ಸಿಗಾಗಿ ಕಾದುನಿಂತ ವಿದ್ಯಾರ್ಥಿಗಳ ಗುಂಪಿನಲ್ಲಿ ಒಂದು ಸೋಜಿಗವನ್ನು ಕಾಣಬಹುದು. ಬರಬೇಕಾದ ಬಸ್ಸು ಇನ್ನೂ ಬಂದಿರುವುದಿಲ್ಲ. ಆದರೆ ಅದೇ ಬಸ್ಸನ್ನು ಅವರಲ್ಲೊಬ್ಬನು ತನ್ನ ಮೊಬೈಲಿನ ತೆರೆಯ ಮೇಲೆ ಆಗಲೇ ಓಡಿಸುತ್ತಿರುತ್ತಾನೆ. ಅದೇ ಬಣ್ಣ, ಅದೇ ಪಟ್ಟೆ, ಪಕ್ಕದಲ್ಲಿ ಅದೇ ಅಕ್ಷರಗಳು, ನೆತ್ತಿಯ ಫಲಕದಲ್ಲಿ ಊರಿನ ಹೆಸರು ಕೂಡ. ತುಸು ಬಗ್ಗಿ ನೋಡಿದರೆ ಮಾತ್ರ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಸ್ಸು ನಮ್ಮದು, ರಸ್ತೆ ನಮ್ಮದಲ್ಲ. ದಾರಿಯ ಫಲಕಗಳಲ್ಲಿ ಇರುವುದು ಇಂಡೊನೇಷ್ಯದ ಊರುಗಳ ಹೆಸರು.

ಇದನ್ನು ನನಗೆ ಮೊದಲು ತೋರಿಸಿದವನು ದಿನವೂ ಕಂಪ್ಲಿಯಿಂದ ಬಂದು ಹೋಗುವ ನನ್ನ ವಿದ್ಯಾರ್ಥಿಯೊಬ್ಬ. "ಈ ಬಸ್ಸು ಆಟದಾಗ ಇರಲಿಲ್ರೀ ಸಾರ್, ನಾನೇ ಹಾಕೀನಿ" ಎಂದು ಅವನು ಹೇಳಿದಾಗ ಅವನ ದನಿಯಲ್ಲಿದ್ದ ಹೆಮ್ಮೆ ನನ್ನ ಗಮನವನ್ನು ಸೆಳೆಯಿತು. ಆ ಆಟದ ಹೆಸರು ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯ’. ಇಂಡೊನೇಷ್ಯದ ಮಾಲೆಯೊ ಎಂಬ ಸಂಸ್ಥೆ ೨೦೧೭ರಲ್ಲಿ ಅದನ್ನು ಹೊರತಂದಿತು. ಆಡುವವನು ತನಗೆ ಬೇಕಾದ ಬಣ್ಣವನ್ನು ಬಸ್ಸಿಗೆ ಬಳಿಯಬಹುದು, ತಾನೇ ಕಟ್ಟಿದ ವಾಹನವನ್ನು ಆಟದೊಳಕ್ಕೆ ಸೇರಿಸಲೂಬಹುದು ಎಂದು ಸಂಸ್ಥೆಯೇ ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲಿನಿಂದ ಕೇರಳ, ತಮಿಳುನಾಡು, ಕರ್ನಾಟಕಗಳ ಬಸ್ಸುಗಳು ಸಾಲುಸಾಲಾಗಿ ಒಳಹೊಕ್ಕಿವೆ.

ಒಬ್ಬರು ಕಟ್ಟಿದ ಆಟವನ್ನು ಇನ್ನೊಬ್ಬರು ಹೀಗೆ ತಿದ್ದುವುದಕ್ಕೆ, ಬೆಳೆಸುವುದಕ್ಕೆ ಇಂಗ್ಲಿಷಿನಲ್ಲಿ ‘ಮಾಡಿಫಿಕೇಷನ್’ ಎಂಬ ಉದ್ದನೆಯ ಹೆಸರುಂಟು. ಆಟಗಾರರ ಬಾಯಲ್ಲಿ ಸವೆದು ಅದು ‘ಮಾಡ್’ ಆಗಿದೆ. ಅದನ್ನು ಮಾಡುವವನು ‘ಮಾಡರ್’. ಕನ್ನಡದ ಕಿವಿಗೆ ‘ಮಾಡು’ ಎಂದೇ ಕೇಳಿಸುವ ಈ ಶಬ್ದ ಆ ಕೆಲಸಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆಟವನ್ನು ಕಟ್ಟಿದವರಿಗೂ ಈ ಮಾಡರುಗಳಿಗೂ ಇರುವ ನಂಟು ಎಂಥದು? ಮಾಡರನು ಅತಿಥಿಯೆ, ಪಾಲುಗಾರನೆ, ಕೂಲಿಯಿಲ್ಲದ ಆಳೆ, ಅಥವಾ ಕಳ್ಳನೆ? ಕಳೆದ ಮೂವತ್ತು ವರ್ಷಗಳಲ್ಲಿ ಈ ನಾಲ್ಕು ಬಗೆಯಲ್ಲಿಯೂ ಅವನನ್ನು ನಡೆಸಿಕೊಂಡದ್ದುಂಟು. ಆದುದರಿಂದ ವಿಷಯ ಕೇವಲ ಆಟದ್ದಲ್ಲ.

ಮೊದಲು ನಮಗೆಲ್ಲ ಪರಿಚಿತವಾದ ಒಂದು ದೃಶ್ಯವನ್ನು ನೆನೆಯೋಣ. ಹೊಸಪೇಟೆಯ ಹೆದ್ದಾರಿಯಲ್ಲಿ ಆಗಾಗ ಮೈಯಿಲ್ಲದ ಲಾರಿಗಳು ಹಾದುಹೋಗುತ್ತವೆ. ಉದ್ದನೆಯ ಎರಡು ಉಕ್ಕಿನ ತೊಲೆ, ಗಾಲಿ, ಇಂಜಿನು, ಮುಖಕ್ಕೆ ಟವೆಲು ಸುತ್ತಿಕೊಂಡು ಬಿಸಿಲಲ್ಲಿ ಕುಳಿತ ಚಾಲಕ, ಇಷ್ಟೆ. ಇದು ಚಾಸಿ. ದೊಡ್ಡ ಕಾರ್ಖಾನೆಗಳು ಲಾರಿ, ಬಸ್ಸುಗಳನ್ನು ಬಹುಮಟ್ಟಿಗೆ ಈ ರೂಪದಲ್ಲಿಯೇ ಕಳಿಸುತ್ತ ಬಂದಿವೆ. ಬಾಡಿಯನ್ನು ಕಟ್ಟುವವರು ಬೇರೆ. ಸಂಡೂರಿನ ಅದಿರನ್ನು ಹೊರುವ ಲಾರಿಗೆ ಒಂದು ಬಗೆಯ ತೊಟ್ಟಿ, ಭತ್ತ ಸಾಗಿಸುವ ಲಾರಿಗೆ ಇನ್ನೊಂದು ಬಗೆ, ಪ್ರಯಾಣಿಕರ ಬಸ್ಸಿಗೆ ಮತ್ತೊಂದು. ಚಾಸಿ ಮಾಡಿದವನಿಗೆ ಸಂಡೂರಿನ ಅದಿರೂ ಗೊತ್ತಿಲ್ಲ, ಕಂಪ್ಲಿಯ ಭತ್ತವೂ ಗೊತ್ತಿಲ್ಲ. ಬಾಡಿ ಕಟ್ಟುವವನಿಗೆ ಇಂಜಿನು ಎರಕ ಹೊಯ್ಯಲು ಬರುವುದಿಲ್ಲ. ಹಿಂದಿನ ಅಚ್ಚಿನ ಮೇಲೆ ಎಷ್ಟು ಭಾರ ಬೀಳಬಹುದು, ತೊಲೆಯ ಯಾವ ರಂಧ್ರಕ್ಕೆ ಬೋಲ್ಟು ಹಾಕಬಹುದು ಎಂಬುದನ್ನು ಕಾರ್ಖಾನೆ ಬರೆದುಕೊಡುತ್ತದೆ. ಆ ಮಿತಿಯೊಳಗೆ ಊರಿನ ಕೈ ತನ್ನ ಜಾಣ್ಮೆಯನ್ನು ತೋರಿಸುತ್ತದೆ.

ವಿಡಿಯೊ ಆಟದ ಒಳರಚನೆಯೂ ಹೆಚ್ಚು ಕಡಿಮೆ ಹೀಗೆಯೆ. ಅದರ ಆಳದಲ್ಲಿ ಇರುವ ಆದೇಶಮಾಲೆಯನ್ನು ಆಟದವರೂ ‘ಇಂಜಿನ್’ ಎಂದೇ ಕರೆಯುತ್ತಾರೆ. ವಸ್ತು ಬಿದ್ದರೆ ಯಾವ ವೇಗದಲ್ಲಿ ಬೀಳಬೇಕು, ಎರಡು ವಸ್ತುಗಳು ಡಿಕ್ಕಿ ಹೊಡೆದರೆ ಏನಾಗಬೇಕು, ಬೆಳಕು ಯಾವ ದಿಕ್ಕಿನಿಂದ ಬಂದರೆ ನೆರಳು ಎಲ್ಲಿ ಬೀಳಬೇಕು ಎಂಬುದನ್ನೆಲ್ಲ ಗಣಿಸುವುದು ಅದರ ಕೆಲಸ. ಆದರೆ ಬೀಳುವ ವಸ್ತು ಬಸ್ಸೋ ಬಂಡೆಯೋ ಎಂಬುದು ಇಂಜಿನ್ನಿಗೆ ತಿಳಿದಿರಬೇಕಾಗಿಲ್ಲ. ಅದನ್ನು ಹೇಳುವುದು ಪ್ರತ್ಯೇಕವಾಗಿ ಇಟ್ಟ ಕಡತಗಳು: ಆಕಾರದ ಕಡತ, ಬಣ್ಣದ ಕಡತ, ಶಬ್ದದ ಕಡತ, ತೂಕ ಮತ್ತು ಘರ್ಷಣೆಗಳ ಅಂಕಿಗಳ ಕಡತ. ಮಾಡರನು ಸಾಮಾನ್ಯವಾಗಿ ಮುಟ್ಟುವುದು ಈ ಕಡತಗಳನ್ನು. ಇಂಜಿನ್ನಿಗೆ ಕೈಹಾಕುವ ಸಾಹಸಿಗಳು ಇಲ್ಲವೆಂದಲ್ಲ, ಆದರೆ ಅವರು ವಿರಳ.

ನನ್ನ ವಿದ್ಯಾರ್ಥಿ ಮೊದಲು ಮಾಡಿದ್ದು ಬಣ್ಣದ ಕೆಲಸ. ಇದರಲ್ಲಿರುವ ರೇಖಾಗಣಿತ ಬಹಳ ಸೊಗಸಾದದ್ದು. ಬೂಟಿನ ರಟ್ಟಿನ ಪೆಟ್ಟಿಗೆಯೊಂದನ್ನು ಅಂಚುಗಳಲ್ಲಿ ಸೀಳಿ ನೆಲದ ಮೇಲೆ ಹಾಸಿರಿ. ಆರು ಮುಖಗಳೂ ಒಂದೇ ಸಮತಲದಲ್ಲಿ ಬಿಚ್ಚಿಕೊಳ್ಳುತ್ತವೆ. ಈಗ ಅದರ ಮೇಲೆ ಚಿತ್ರ ಬರೆದು ಮತ್ತೆ ಮಡಿಸಿದರೆ ಚಿತ್ರ ಪೆಟ್ಟಿಗೆಯ ಮೈಯಾಗುತ್ತದೆ. ಆಟದ ಬಸ್ಸು ಸಾವಿರಾರು ತ್ರಿಕೋನಗಳಿಂದ ಹೆಣೆದ ಜಾಲರಿ. ಅದರ ಪ್ರತಿಯೊಂದು ತ್ರಿಕೋನಕ್ಕೂ ಸಮತಲದ ಚಿತ್ರದಲ್ಲಿ ಒಂದು ನಿಗದಿಯಾದ ಜಾಗವುಂಟು. ಪೇಂಟರನು ಆ ಹಾಸಿದ ಚಿತ್ರದ ಮೇಲೆ ಬಣ್ಣ ತುಂಬುತ್ತಾನೆ. ಗಣಕಯಂತ್ರ ಅದನ್ನು ಮಡಿಸಿ ಬಸ್ಸಿಗೆ ತೊಡಿಸುತ್ತದೆ. ಬಾಗಿದ ಭಾಗಗಳಲ್ಲಿ ಚಿತ್ರ ಎಳೆದಂತಾಗುವುದು ಅನಿವಾರ್ಯ. ಗುಂಡಾದ ಭೂಮಿಯನ್ನು ಚಪ್ಪಟೆಯಾದ ಭೂಪಟಕ್ಕೆ ಇಳಿಸುವಾಗ ಗ್ರೀನ್‌ಲ್ಯಾಂಡು ಊದಿಕೊಳ್ಳುವುದಕ್ಕೂ ಇದಕ್ಕೂ ಕಾರಣ ಒಂದೇ.

ಇಲ್ಲಿ ಅವನಿಗೊಂದು ತೊಡಕು ಎದುರಾಯಿತು. ಬಸ್ಸಿನ ಬಲಮಗ್ಗುಲಲ್ಲಿ ‘ಕಂಪ್ಲಿ’ ಎಂಬ ಅಕ್ಷರಗಳು ಸರಿಯಾಗಿ ಕಾಣುತ್ತಿದ್ದವು. ಎಡಮಗ್ಗುಲಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದವು. ಎರಡು ದಿನ ತಿದ್ದಿದರೂ ಹೋಗಲಿಲ್ಲ. ನನ್ನ ಬಳಿ ತಂದಾಗ ಇಬ್ಬರೂ ಕುಳಿತು ಯೋಚಿಸಿದೆವು. ಆ ಬಸ್ಸಿನ ಜಾಲರಿಯನ್ನು ಕಟ್ಟಿದ ಇನ್ನಾರೋ ಹವ್ಯಾಸಿ, ಜಾಗದ ಉಳಿತಾಯಕ್ಕಾಗಿ, ಎರಡು ಮಗ್ಗುಲುಗಳನ್ನೂ ಚಿತ್ರದ ಒಂದೇ ತುಂಡಿಗೆ ಜೋಡಿಸಿದ್ದ. ಪಟ್ಟೆಗಳಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅಕ್ಷರ ಬಂದಾಗ ಗುಟ್ಟು ಬಯಲಾಯಿತು. ಬಣ್ಣವನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವಂತಿಲ್ಲ. ಜಾಲರಿಯನ್ನೇ ಬಿಚ್ಚಿ ಮತ್ತೆ ಹಾಸಬೇಕು. ಮಾಡರನ ಪರಾವಲಂಬನೆಯ ಪಾಠ ಇದಕ್ಕಿಂತ ಚೆನ್ನಾಗಿ ತಿಳಿಯುವುದು ಕಷ್ಟ. ಪೇಂಟರನು ಬಾಡಿ ಕಟ್ಟಿದವನ ಮೇಲೆ ನಿಂತಿದ್ದಾನೆ, ಬಾಡಿ ಕಟ್ಟಿದವನು ಚಾಸಿಯವನ ಮೇಲೆ. ಕೆಳಗಿನವನು ಬಿಟ್ಟುಕೊಟ್ಟಷ್ಟೇ ಮೇಲಿನವನ ಅವಕಾಶ.

ಭೌತವಿಜ್ಞಾನ ಓದುವವರಿಗೆ ಅಂಕಿಗಳ ಕಡತ ಇನ್ನೂ ರುಚಿಕರ. ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಎಂಬ ೨೦೦೪ರ ಆಟದಲ್ಲಿ ಪ್ರತಿಯೊಂದು ವಾಹನದ ರಾಶಿ, ಗುರುತ್ವಕೇಂದ್ರದ ಸ್ಥಾನ, ಗಾಳಿಯ ತಡೆ, ಗಾಲಿಗಳ ಹಿಡಿತ ಮೊದಲಾದವುಗಳನ್ನು ಒಂದು ಸಾದಾ ಪಠ್ಯಕಡತದಲ್ಲಿ ಸಾಲಾಗಿ ಬರೆದಿಡಲಾಗಿದೆ. ಯಾರು ಬೇಕಾದರೂ ತೆರೆದು ತಿದ್ದಬಹುದು. ನಮ್ಮ ಹುಡುಗರು ಅದರ ಬಸ್ಸಿಗೆ ನಮ್ಮ ಕಡೆಯ ಬಸ್ಸಿನ ಆಕಾರವನ್ನು ತೊಡಿಸಿದರು. ಮೇಲೆ ಸಾಮಾನಿನ ಹೊರೆಯನ್ನೂ ಇಟ್ಟರು. ಗುರುತ್ವಕೇಂದ್ರವನ್ನು ಮಾತ್ರ ಮುಟ್ಟಲಿಲ್ಲ. ಬಸ್ಸು ಎಷ್ಟು ವೇಗದಲ್ಲಿ ತಿರುಗಿದರೂ ಉರುಳದು! ಸಂಡೂರಿನ ಗುಡ್ಡದ ತಿರುವುಗಳಲ್ಲಿ ಓಡಾಡಿದವರಿಗೆ ಇದು ನಗೆಯ ವಿಷಯವೇ ಸರಿ.

ಲೆಕ್ಕ ಸುಲಭವಾದದ್ದು. ಎರಡು ಗಾಲಿಗಳ ನಡುವಣ ಅಗಲ ೨ ಮೀಟರ್, ಗುರುತ್ವಕೇಂದ್ರ ನೆಲದಿಂದ ೧.೨೫ ಮೀಟರ್ ಎತ್ತರದಲ್ಲಿದೆ ಎನ್ನೋಣ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ೦.೮ ಬರುತ್ತದೆ. ಗುರುತ್ವ ವೇಗೋತ್ಕರ್ಷದ ೦.೮ ಪಾಲಿನಷ್ಟು ಪಾರ್ಶ್ವ ವೇಗೋತ್ಕರ್ಷ ಉಂಟಾದಾಗ ಒಳಗಿನ ಗಾಲಿಗಳು ನೆಲ ಬಿಡುತ್ತವೆ. ೨೦ ಮೀಟರ್ ತ್ರಿಜ್ಯದ ತಿರುವಿನಲ್ಲಿ ಇದು ಗಂಟೆಗೆ ಸುಮಾರು ೪೫ ಕಿಲೋಮೀಟರ್ ವೇಗ. ಟೈರಿಗೂ ರಸ್ತೆಗೂ ಇರುವ ಘರ್ಷಣಾಂಕ ೦.೭ ಆದರೆ ಗಂಟೆಗೆ ೪೨ ಕಿಲೋಮೀಟರಿನಲ್ಲಿಯೇ ಬಸ್ಸು ಜಾರಲಾರಂಭಿಸುತ್ತದೆ, ಅಂದರೆ ಉರುಳುವ ಮುನ್ನ ಜಾರುತ್ತದೆ. ಈಗ ನೆತ್ತಿಯ ಮೇಲೆ ಸಾಮಾನು ಹೇರಿ ಗುರುತ್ವಕೇಂದ್ರವನ್ನು ೧.೬ ಮೀಟರಿಗೆ ಏರಿಸಿರಿ. ಭಾಗಲಬ್ಧ ೦.೬೨೫ಕ್ಕೆ ಇಳಿಯಿತು; ಉರುಳುವ ವೇಗ ಗಂಟೆಗೆ ೪೦ ಕಿಲೋಮೀಟರ್ ಆಯಿತು. ಈಗ ಜಾರುವ ಮೊದಲೇ ಬಸ್ಸು ಉರುಳುತ್ತದೆ. ಕಡತದಲ್ಲಿ ಆ ಒಂದು ಅಂಕಿಯನ್ನು ತಿದ್ದಿದ ಕೂಡಲೆ ತೆರೆಯ ಮೇಲಿನ ಬಸ್ಸು ತಿರುವಿನಲ್ಲಿ ವಾಲಲು ಆರಂಭಿಸಿತು. ತರಗತಿಯಲ್ಲಿ ಕರಿಹಲಗೆಯ ಮೇಲೆ ನಾನು ಮೂರು ವರ್ಷ ಬರೆದು ಮಾಡಲಾಗದ ಕೆಲಸವನ್ನು ಆ ಬಸ್ಸು ಒಂದು ನಿಮಿಷದಲ್ಲಿ ಮಾಡಿತು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಕಡತಗಳನ್ನು ಹೀಗೆ ಬೇರೆಯಾಗಿ ಇಡುವುದು ತಾನಾಗಿ ಬಂದ ಪದ್ಧತಿಯಲ್ಲ. ೧೯೯೨ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ‘ವುಲ್ಫೆನ್‌ಸ್ಟೈನ್’ ಆಟವನ್ನು ಮೂರು ಆಯಾಮದ ರೂಪದಲ್ಲಿ ಹೊರತಂದಾಗ ಆಟಗಾರರು ಅದರ ಮೂಲ ಕಡತಗಳ ಮೇಲೆಯೇ ಬರೆದು ಚಿತ್ರಗಳನ್ನು ಬದಲಾಯಿಸಿದರು. ಕೈ ತಪ್ಪಿದರೆ ಆಟವೇ ಕೆಡುತ್ತಿತ್ತು. ಸಂಸ್ಥೆಯವರು ಕೋಪಿಸಿಕೊಳ್ಳಬಹುದಾಗಿತ್ತು. ಅಲ್ಲಿನ ಮುಖ್ಯ ಪ್ರೋಗ್ರಾಂ ರಚಕ ಜಾನ್ ಕಾರ್ಮ್ಯಾಕ್ ಬೇರೆ ದಾರಿ ಹಿಡಿದ. ೧೯೯೩ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಆಟದಲ್ಲಿ ಚಿತ್ರ, ಶಬ್ದ, ನಕ್ಷೆಗಳೆಲ್ಲವನ್ನೂ ‘ವ್ಯಾಡ್’ ಎಂಬ ಪ್ರತ್ಯೇಕ ಗಂಟಿನಲ್ಲಿ ಕಟ್ಟಿಡಲಾಯಿತು. ಮಾಡರನು ತನ್ನದೊಂದು ಚಿಕ್ಕ ಗಂಟನ್ನು ಪಕ್ಕದಲ್ಲಿಟ್ಟರೆ ಇಂಜಿನ್ ಅದನ್ನು ಓದಿಕೊಳ್ಳುತ್ತಿತ್ತು, ಮೂಲಕ್ಕೆ ಕೇಡಿಲ್ಲ. ಚಾಸಿಯ ತೊಲೆಯಲ್ಲಿ ಬೋಲ್ಟಿನ ರಂಧ್ರಗಳನ್ನು ಮೊದಲೇ ಕೊರೆದಿಟ್ಟಂತಾಯಿತು.

ಈ ಔದಾರ್ಯದಲ್ಲಿ ವ್ಯಾಪಾರದ ಜಾಣತನವೂ ಇತ್ತು. ಡೂಮ್ ಆಟದ ಮೊದಲ ಭಾಗವನ್ನು ಎಲ್ಲರಿಗೂ ಉಚಿತವಾಗಿ ಹಂಚಲಾಗಿತ್ತು. ಆದರೆ ಉಚಿತ ಪ್ರತಿಯು ಹೊರಗಿನ ಗಂಟನ್ನು ಓದಲು ಒಪ್ಪುತ್ತಿರಲಿಲ್ಲ. ಹಣ ಕೊಟ್ಟು ಕೊಂಡ ಪ್ರತಿ ಮಾತ್ರ ಒಪ್ಪುತ್ತಿತ್ತು. ಮಾಡರುಗಳು ಬಿಟ್ಟಿಯಾಗಿ ಕಟ್ಟಿದ ನೂರಾರು ನಕ್ಷೆಗಳನ್ನು ಆಡಬೇಕೆನ್ನುವವನು ಮೂಲ ಆಟವನ್ನು ಕೊಳ್ಳಲೇಬೇಕು! ಮಾಡರ್ ಪೈಸೆ ಪಡೆಯದಿದ್ದರೂ ಅವನ ಪ್ರತಿಯೊಂದು ಕೃತಿಯೂ ಸಂಸ್ಥೆಯ ಮಾರಾಟಗಾರನಾಯಿತು. ಮುಂದೆ ಹವ್ಯಾಸಿಗಳ ಒಂದು ತಂಡ ಕಟ್ಟಿದ್ದ ನಕ್ಷೆಗಳನ್ನು ಇಡ್ ಸಂಸ್ಥೆಯೇ ಕೊಂಡು ೧೯೯೬ರ ‘ಫೈನಲ್ ಡೂಮ್’ನಲ್ಲಿ ಸೇರಿಸಿಕೊಂಡಿತು.

ಹವ್ಯಾಸಿಗಳು ಮನೆಯೊಳಕ್ಕೆ ಬಂದ ಕಥೆಗಳಲ್ಲಿ ‘ಕೌಂಟರ್ ಸ್ಟ್ರೈಕ್’ ಪ್ರಸಿದ್ಧವಾದದ್ದು. ಅದು ವಾಲ್ವ್ ಸಂಸ್ಥೆಯ ೧೯೯೮ರ ‘ಹಾಫ್ ಲೈಫ್’ ಆಟದ ಮೇಲೆ ಮಿನ್ ಲೀ, ಜೆಸ್ ಕ್ಲಿಫ್ ಎಂಬಿಬ್ಬರು ತರುಣರು ೧೯೯೯ರಲ್ಲಿ ಕಟ್ಟಿದ ಮಾಡ್. ೨೦೦೦ದಲ್ಲಿ ವಾಲ್ವ್ ಅದನ್ನು ಕೊಂಡು, ಅವರಿಬ್ಬರನ್ನೂ ಕೆಲಸಕ್ಕೆ ಕರೆದುಕೊಂಡಿತು. ಹಾಫ್ ಲೈಫ್ ಸಹ ಇಡ್ ಸಂಸ್ಥೆಯಿಂದ ಪರವಾನಗಿ ಪಡೆದ ಇಂಜಿನ್ನನ್ನು ತಿದ್ದಿ ಕಟ್ಟಿದ್ದೆಂಬುದನ್ನು ಇಲ್ಲಿ ಮರೆಯಬಾರದು. ನಮಗೆ ಇನ್ನೂ ಹತ್ತಿರವಾದ ಉದಾಹರಣೆ ‘ಏಜ್ ಆಫ್ ಎಂಪೈರ್ಸ್’ ಎಂಬ ಸಾಮ್ರಾಜ್ಯಗಳ ಆಟದ್ದು. ೧೯೯೯ರ ಅದರ ಎರಡನೆಯ ಆವೃತ್ತಿಯಲ್ಲಿ ಭಾರತಕ್ಕೆ ಸ್ಥಾನವೇ ಇರಲಿಲ್ಲ. ಆಟ ಹಳತಾಗಿ, ಸಂಸ್ಥೆ ಅದನ್ನು ಕೈಬಿಟ್ಟಿದ್ದ ಕಾಲದಲ್ಲಿ ಅಭಿಮಾನಿಗಳ ಗುಂಪೊಂದು ೨೦೧೨ರಲ್ಲಿ ‘ಫರ್ಗಾಟನ್ ಎಂಪೈರ್ಸ್’ ಎಂಬ ಮಾಡ್ ಹೊರತಂದು ಅದರಲ್ಲಿ ಭಾರತೀಯರನ್ನೂ ಸೇರಿಸಿತು. ಮರುವರ್ಷ ಅದೇ ಅಧಿಕೃತ ಭಾಗವಾಯಿತು, ಗುಂಪು ಸಂಸ್ಥೆಯಾಯಿತು. ೨೦೨೨ರಲ್ಲಿ ಆ ‘ಭಾರತೀಯರು’ ಎಂಬ ಒಂದೇ ಕಂತೆಯನ್ನು ಬಿಡಿಸಿ ಹಿಂದೂಸ್ಥಾನಿ, ಬಂಗಾಳಿ, ಗುರ್ಜರ, ದ್ರಾವಿಡರೆಂದು ವಿಂಗಡಿಸಿದರು. ಹಂಪೆಯ ನೆರೆಯಲ್ಲಿರುವ ನಮಗೆ ಈ ‘ದ್ರಾವಿಡ’ ಎಂಬ ಚೀಟಿಯೂ ಸಾಲದೆನಿಸಬಹುದು. ಅದು ಬೇರೆ ಮಾತು.

ಇಲ್ಲಿಯವರೆಗೆ ಹೇಳಿದ್ದನ್ನು ಓದಿದವರಿಗೆ ಇದೊಂದು ಸೌಹಾರ್ದದ ಕಥೆಯೆಂದು ತೋರೀತು. ಹಣ ನಡುವೆ ಬಂದಾಗ ಏನಾಗುತ್ತದೆಂಬುದಕ್ಕೆ ‘ಡ್ಯೂಕ್ ನ್ಯೂಕೆಮ್’ ಆಟದ ಮೊಕದ್ದಮೆಯನ್ನು ನೋಡಬೇಕು. ೧೯೯೬ರಲ್ಲಿ ಬಂದ ಆ ಆಟದೊಡನೆ ನಕ್ಷೆಗಳನ್ನು ರಚಿಸುವ ಸಲಕರಣೆಯನ್ನೂ ಕೊಟ್ಟಿದ್ದರು. ಆಟಗಾರರು ರಚಿಸಿದ ನಕ್ಷೆಗಳನ್ನು ಉಚಿತವಾಗಿ ಮಾತ್ರ ಹಂಚಬೇಕೆಂಬುದು ಕರಾರು. ಮೈಕ್ರೋ ಸ್ಟಾರ್ ಎಂಬ ಮೂರನೆಯ ಸಂಸ್ಥೆಯೊಂದು ಹೀಗೆ ಹಂಚಿದ್ದ ೩೦೦ ನಕ್ಷೆಗಳನ್ನು ಒಟ್ಟುಗೂಡಿಸಿ ತಟ್ಟೆಯೊಂದರಲ್ಲಿ ತುಂಬಿ ಮಾರಿತು. ಆಟದ ಪ್ರಕಾಶಕರಾದ ಫಾರ್ಮ್‌ಜೆನ್ ಸಂಸ್ಥೆಗೂ ಅದಕ್ಕೂ ನ್ಯಾಯಾಲಯದಲ್ಲಿ ವಾದ ನಡೆಯಿತು.

ವಾದದ ತಿರುಳು ವಿಜ್ಞಾನದ ವಿದ್ಯಾರ್ಥಿಗೂ ಯೋಚನೆಗೆ ಯೋಗ್ಯವಾದದ್ದು. ಮೈಕ್ರೋ ಸ್ಟಾರಿನವರು ಹೇಳಿದ್ದು: ನಕ್ಷೆಯ ಕಡತದಲ್ಲಿ ಆಟದ ಒಂದು ಚಿತ್ರವೂ ಇಲ್ಲ, ಯಾವ ಚಿತ್ರವನ್ನು ಎಲ್ಲಿ ಇಡಬೇಕೆಂಬ ಸೂಚನೆ ಮಾತ್ರ ಇದೆ, ಚಿತ್ರಗಳು ಆಟಗಾರನು ಕೊಂಡ ಪ್ರತಿಯಲ್ಲಿಯೇ ಇವೆ, ಇದರಲ್ಲಿ ನಕಲು ಎಲ್ಲಿ ಬಂತು? ಮೇಲ್ನೋಟಕ್ಕೆ ಇದು ಸರಿ. ಆದರೆ ೧೯೯೮ರಲ್ಲಿ ಮೇಲ್ಮನವಿಯ ನ್ಯಾಯಾಲಯ ಒಪ್ಪಲಿಲ್ಲ. ಸ್ವರಲಿಪಿಯ ಹಾಳೆಯಲ್ಲಿ ನಾದವಿಲ್ಲ, ಆದರೂ ಅದನ್ನು ನೋಡಿ ನುಡಿಸಿದರೆ ಹೊರಡುವುದು ಆ ರಾಗವೇ ಅಲ್ಲವೆ? ಹಾಗೆಯೇ ನಕ್ಷೆಯ ಕಡತವು ತೆರೆಯ ಮೇಲೆ ಏನು ಮೂಡಬೇಕೆಂಬುದನ್ನು ಕೂಲಂಕಷವಾಗಿ ವರ್ಣಿಸುತ್ತದೆ; ಅಲ್ಲಿ ಮೂಡುವುದು ಡ್ಯೂಕನ ಹೊಸ ಸಾಹಸ; ಡ್ಯೂಕನ ಕಥೆಯನ್ನು ಮುಂದುವರಿಸುವ ಹಕ್ಕು ಡ್ಯೂಕನ ಒಡೆಯರದು. ತೀರ್ಪಿನ ಸಾರ ಇಷ್ಟು. (ಸ್ವರಲಿಪಿಯ ಹೋಲಿಕೆ ನನ್ನದು.)

ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಓದುವಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಆ ೩೦೦ ನಕ್ಷೆಗಳನ್ನು ರಾತ್ರಿಯೆಲ್ಲ ಕುಳಿತು ರಚಿಸಿದವರು ಎಲ್ಲಿ ಹೋದರು? ವಾದಿಯೂ ಅವರಲ್ಲ, ಪ್ರತಿವಾದಿಯೂ ಅವರಲ್ಲ. ಎರಡು ಸಂಸ್ಥೆಗಳು ಅವರ ಕೆಲಸದ ಮೇಲೆ ನಿಂತು ಹೋರಾಡಿದವು.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕಳೆದ ವರ್ಷ ಕಂಪ್ಲಿಯ ಆ ಹುಡುಗ ಒಂದು ಬೆಳಗ್ಗೆ ಸಪ್ಪೆ ಮುಖದಿಂದ ಬಂದ. ಅವನು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದ ಬಸ್ಸಿನ ಬಣ್ಣವನ್ನು ಅಪರಿಚಿತನೊಬ್ಬ ತನ್ನ ಹೆಸರಿನಲ್ಲಿ ಮಾರುತ್ತಿದ್ದ. ತನ್ನದೆಂದು ಹುಡುಗನಿಗೆ ಹೇಗೆ ಗೊತ್ತಾಯಿತು? ಎಡಮಗ್ಗುಲಿನ ‘ಕಂಪ್ಲಿ’ ಇನ್ನೂ ತಿರುಗುಮುರುಗಾಗಿಯೇ ಇತ್ತು! ಕದ್ದವನಿಗೆ ಕನ್ನಡ ಓದಲು ಬರುತ್ತಿರಲಿಲ್ಲವೋ ಏನೋ. "ರೊಕ್ಕ ಹೋದರೆ ಹೋಗಲಿ ಸಾರ್, ನನ್ನ ಹೆಸರಾದರೂ ಇರಬೇಕಿತ್ತು" ಎಂದ. ಯಾರಿಗೆ ದೂರು ಕೊಡಬೇಕು? ಆಟ ಇಂಡೊನೇಷ್ಯದವರದು, ಬಾಡಿ ಮತ್ತಾರೋ ಹವ್ಯಾಸಿಯದು, ಬಸ್ಸಿನ ಮೂಲ ಬಣ್ಣ ಸಾರಿಗೆ ಸಂಸ್ಥೆಯದು. ಅವನದು ಎನ್ನಬಹುದಾದದ್ದು ಅವುಗಳ ನಡುವೆ ಕಳೆದ ನಲವತ್ತು ಸಂಜೆಗಳು.

ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ರಂಗಮಂಟಪದ ಮುಂದಿನ ಶಾಸನವನ್ನು ನೋಡಿರಬಹುದು. ವಿಜಯನಗರಕ್ಕಿಂತ ಹಳೆಯದಾದ ಗುಡಿಯನ್ನು ಕೆಡವದೆ, ಅದಕ್ಕೆ ಸೇರಿದಂತೆ ೧೫೧೦ರ ಸುಮಾರಿಗೆ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕೃಷ್ಣದೇವರಾಯ ಮಂಟಪವನ್ನು ಕಟ್ಟಿಸಿದ. ಶಾಸನದಲ್ಲಿ ಅರಸನ ಹೆಸರಿದೆ. ಕಂಬಗಳನ್ನು ಕಡೆದ ಕಲ್ಲುಕುಟಿಗರನ್ನು ನಾವು ಬಲ್ಲೆವೆ? ನನ್ನ ವಿದ್ಯಾರ್ಥಿಗೆ ಈ ಮಾತು ಹೇಳಿದೆ. ಅವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಆಟದ ಒಡೆಯರಿಗೂ ಮಾಡರುಗಳಿಗೂ ನೇರವಾಗಿ ಜಟಾಪಟಿಯಾದದ್ದು ೨೦೧೭ರ ಜೂನ್ ತಿಂಗಳಿನಲ್ಲಿ. ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಕಡತಗಳನ್ನು ತೆರೆಯಲು ಮಾಡರುಗಳೆಲ್ಲ ಬಳಸುತ್ತಿದ್ದ ‘ಓಪನ್ ಫೋರ್’ ಎಂಬ ಸಲಕರಣೆಯನ್ನು ನಿಲ್ಲಿಸುವಂತೆ, ಆಟದ ಒಡೆತನ ಹೊಂದಿರುವ ಟೇಕ್ ಟೂ ಸಂಸ್ಥೆ ಅದರ ರಚಕರಿಗೆ ವಕೀಲರ ನೋಟೀಸು ಕಳಿಸಿತು. ಅಂತರಜಾಲದಲ್ಲಿ ಹಲವರು ಕೂಡಿ ಆಡುವ ಆಟಕ್ಕೆ ಮೋಸಗಾರರು ನುಗ್ಗುತ್ತಾರೆಂಬುದು ಅದರ ಭಯ. ಒಬ್ಬನೇ ಕುಳಿತು ಆಡುವುದಕ್ಕೆ ಮಾತ್ರ ನಮ್ಮ ಸಲಕರಣೆ ಎಂಬುದು ರಚಕರ ಉತ್ತರ. ಆಟಗಾರರು ಸಿಟ್ಟಿನಿಂದ ಸಾವಿರ ಸಾವಿರ ಪ್ರತಿಕೂಲ ವಿಮರ್ಶೆಗಳನ್ನು ಬರೆದರು. ಕೆಲವೇ ದಿನಗಳಲ್ಲಿ, ಒಬ್ಬರೇ ಆಡುವ, ಲಾಭಕ್ಕಲ್ಲದ, ಇತರರ ಹಕ್ಕನ್ನು ಕಸಿಯದ ಮಾಡ್‌ಗಳ ಮೇಲೆ ಸಾಮಾನ್ಯವಾಗಿ ಕ್ರಮ ಕೈಗೊಳ್ಳುವುದಿಲ್ಲವೆಂದು ಆಟವನ್ನು ಕಟ್ಟುವ ರಾಕ್‌ಸ್ಟಾರ್ ಪ್ರಕಟಿಸಬೇಕಾಯಿತು. ಅದೇ ರಾಕ್‌ಸ್ಟಾರ್ ೨೦೨೩ರ ಆಗಸ್ಟಿನಲ್ಲಿ, ತಾನು ಹಿಂದೆ ವಿರೋಧಿಸಿದ್ದ ‘ಫೈವ್ ಎಂ’ ಎಂಬ ಮಾಡಿನ ತಂಡವನ್ನು ತನ್ನೊಳಗೆ ಸೇರಿಸಿಕೊಂಡಿತು! ಈ ಸಂಸ್ಥೆಗೆ ನಮ್ಮ ಬೆಂಗಳೂರಿನಲ್ಲಿಯೂ ಕಾರ್ಯಾಲಯವುಂಟು. ೧೯೯೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಎಂಬ ಭಾರತದ ಹಳೆಯ ಆಟದ ಕಾರ್ಖಾನೆಯನ್ನು ೨೦೧೯ರಲ್ಲಿ ಅದು ಕೊಂಡುಕೊಂಡಿತು. ಚಾಸಿ ಕಟ್ಟುವ ಕೈಗಳಲ್ಲಿ ಕನ್ನಡದ ಕೈಗಳೂ ಇವೆ ಎಂಬುದನ್ನು ನೆನಪಿಸಲು ಇಷ್ಟು ಹೇಳಿದೆ.

ಇನ್ನೊಂದು ಸಂಸ್ಥೆ ಬೇರೆಯೇ ಪಾಠ ಕಲಿಯಿತು. ಬ್ಲಿಝಾರ್ಡ್ ಸಂಸ್ಥೆಯ ೨೦೦೨ರ ‘ವಾರ್‌ಕ್ರಾಫ್ಟ್’ ಮೂರನೆಯ ಆವೃತ್ತಿಯ ಮೇಲೆ ಹವ್ಯಾಸಿಗಳು ‘ಡೋಟಾ’ ಎಂಬ ಮಾಡ್ ಕಟ್ಟಿದರು. ಒಬ್ಬನು ಬಿಟ್ಟಲ್ಲಿಂದ ಇನ್ನೊಬ್ಬನು ಮುಂದುವರಿಸಿದ. ಅದು ಮೂಲ ಆಟವನ್ನೇ ಮೀರಿಸುವಷ್ಟು ಬೆಳೆಯಿತು. ಕೊನೆಯ ಮುಖ್ಯ ರಚಕನನ್ನು ವಾಲ್ವ್ ಸಂಸ್ಥೆ ಕೆಲಸಕ್ಕೆ ತೆಗೆದುಕೊಂಡು ೨೦೧೩ರಲ್ಲಿ ‘ಡೋಟಾ ೨’ ಎಂದು ಸ್ವತಂತ್ರ ಆಟವನ್ನೇ ಹೊರತಂದಿತು. ಹೆಸರಿಗಾಗಿ ಎರಡು ಸಂಸ್ಥೆಗಳ ನಡುವೆ ನಡೆದ ವ್ಯಾಜ್ಯ ೨೦೧೨ರಲ್ಲಿ ರಾಜಿಯಲ್ಲಿ ಮುಗಿದಿತ್ತು. ಕೈತಪ್ಪಿದ ಸಂಪತ್ತನ್ನು ಬ್ಲಿಝಾರ್ಡ್ ಮರೆಯಲಿಲ್ಲ. ೨೦೨೦ರಲ್ಲಿ ಹಳೆಯ ಆಟವನ್ನು ಹೊಸದಾಗಿಸಿ ಹೊರತರುವಾಗ, ಇದರ ಮೇಲೆ ಯಾರು ಏನನ್ನು ಕಟ್ಟಿದರೂ ಅದು ಸಂಸ್ಥೆಯ ಸ್ವತ್ತೆಂದು ಕರಾರಿನಲ್ಲಿ ಬರೆಯಿತು. ಚಾಸಿ ಮಾರಿದವನು, ‘ಇದರ ಮೇಲೆ ನೀನು ಕಟ್ಟುವ ಬಾಡಿಯೂ ನನ್ನದೇ’ ಎಂದರೆ ಊರಿನ ಬಡಗಿ ಏನು ಮಾಡಿಯಾನು? ಉಳಿ ಕೆಳಗಿಟ್ಟಾನು. ಕಾನೂನಿನ ದೃಷ್ಟಿಯಿಂದ ಇಂಥ ಕರಾರು ಸಾಧುವಿರಬಹುದು, ಜಾಣತನದ್ದಲ್ಲವೆಂದು ನನ್ನ ಎಣಿಕೆ. ಇನ್ನೊಂದು ಡೋಟಾ ಹುಟ್ಟುವ ಮೊಳಕೆಯನ್ನೇ ಅದು ಚಿವುಟುತ್ತದೆ.

ನಮ್ಮ ದೇಶದಲ್ಲಿ ೧೯೫೭ರ ಕೃತಿಸ್ವಾಮ್ಯ ಅಧಿನಿಯಮ, ತರುವಾಯದ ತಿದ್ದುಪಡಿಗಳೊಡನೆ, ಗಣಕಯಂತ್ರದ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಸೇರಿಸಿದೆ. ಕೃತಿಯನ್ನು ಮಾರ್ಪಡಿಸುವ ಹಕ್ಕು ಅದರ ಒಡೆಯನದು. ಆದುದರಿಂದ ಮಾಡರನು ನಿಂತಿರುವುದು ಅನುಮತಿಯ ನೆಲದ ಮೇಲೆ. ಅದೇ ಅಧಿನಿಯಮದ ೫೭ನೆಯ ಪ್ರಕರಣ ಇನ್ನೊಂದು ಮಾತನ್ನೂ ಹೇಳುತ್ತದೆ: ಕೃತಿಯ ಹಕ್ಕನ್ನು ಮಾರಿದ ಮೇಲೂ ಅದು ತನ್ನ ರಚನೆಯೆಂದು ಹೇಳಿಕೊಳ್ಳುವ ಅಧಿಕಾರ ರಚಕನಲ್ಲಿ ಉಳಿಯುತ್ತದೆ. ಹಣ ಬೇರೆ, ಹೆಸರು ಬೇರೆ ಎಂಬ ಈ ವಿವೇಕ ನನ್ನ ವಿದ್ಯಾರ್ಥಿಯ ಅಳಲಿಗೆ ಬಹಳ ಹತ್ತಿರವಾದದ್ದು.

ಬಸ್ಸಿನ ವಿಷಯದಲ್ಲಿ ಮೂರನೆಯ ಒಡೆಯನೂ ಉಂಟಷ್ಟೆ. ಸಾರಿಗೆ ಸಂಸ್ಥೆಯ ಲಾಂಛನ ಆಟದವರದೂ ಅಲ್ಲ, ಮಾಡರನದೂ ಅಲ್ಲ. ‘ಕೆಎಸ್‌ಆರ್‌ಟಿಸಿ’ ಎಂಬ ಅಕ್ಷರಗಳು ಯಾರವೆಂದು ಕೇರಳ ಮತ್ತು ಕರ್ನಾಟಕದ ಸಂಸ್ಥೆಗಳೇ ವರ್ಷಗಟ್ಟಲೆ ವಾದಿಸಿದವು. ೨೦೨೩ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಕೇರಳದ ಅರ್ಜಿಯನ್ನು ವಜಾ ಮಾಡಿದ ಮೇಲೆ ಕರ್ನಾಟಕ ಆ ಅಕ್ಷರಗಳನ್ನು ಉಳಿಸಿಕೊಂಡಿತು. ಹೊಸಪೇಟೆಯ ಬಸ್ಸುಗಳ ಮೇಲೆ ಈಗ ಇರುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಹೆಸರು. ೨೦೨೧ರವರೆಗೆ ಅದು ಈಶಾನ್ಯ ಕರ್ನಾಟಕ ನಿಗಮವಾಗಿತ್ತು. ಹುಡುಗರ ಮೊಬೈಲುಗಳಲ್ಲಿ ಹಳೆಯ ಹೆಸರಿನ ಬಸ್ಸುಗಳು ಇನ್ನೂ ಓಡುತ್ತಿವೆ.

ಆಟದ ಒಡೆಯರ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಇಂಜಿನ್ನನ್ನು ಅವರು ಕಾಲಕಾಲಕ್ಕೆ ಸುಧಾರಿಸಬೇಕು. ಸುಧಾರಿಸಿದಾಗ ಕಡತಗಳ ಕಟ್ಟು ಬದಲಾಗಬಹುದು. ತೊಲೆಯಲ್ಲಿ ಬೋಲ್ಟಿನ ರಂಧ್ರ ಎರಡಂಗುಲ ಸರಿದಂತೆ. ಸಾವಿರಾರು ಹಳೆಯ ಬಾಡಿಗಳು ಒಂದೇ ರಾತ್ರಿಯಲ್ಲಿ ಕೂರದಂತಾಗುತ್ತವೆ, ಬೈಗುಳ ಒಡೆಯರಿಗೆ ಬೀಳುತ್ತದೆ. ಮಾಡಿನೊಳಗೆ ಯಾರಾದರೂ ಅಶ್ಲೀಲವನ್ನೋ ಹಾನಿಕರವಾದ ಆದೇಶವನ್ನೋ ಅಡಗಿಸಿಟ್ಟರೆ ಆಗಲೂ ಹೆಸರು ಕೆಡುವುದು ಒಡೆಯರದೆ. ಆದುದರಿಂದ ಎಲ್ಲ ಬಾಗಿಲುಗಳನ್ನೂ ತೆರೆದಿಡಿ ಎಂದು ನಾನು ಹೇಳಲಾರೆ. ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಸರಳವಾದ ಭಾಷೆಯಲ್ಲಿ ಬರೆದು ಬಾಗಿಲ ಮೇಲೆಯೇ ಅಂಟಿಸಿದರೆ ಅರ್ಧ ಜಗಳ ಇಲ್ಲವಾದೀತು. ಈಗಿನ ಕರಾರುಪತ್ರಗಳನ್ನು ಹದಿನೇಳರ ಹುಡುಗ ಹಾಗಿರಲಿ, ಭೌತವಿಜ್ಞಾನದ ಅಧ್ಯಾಪಕನೂ ಎರಡು ಪುಟಕ್ಕಿಂತ ಹೆಚ್ಚು ಓದಲಾರ.

ಕಂಪ್ಲಿಯ ಹುಡುಗ ಬೇಸಿಗೆಯ ರಜೆಯಲ್ಲಿ ‘ಬ್ಲೆಂಡರ್’ ಎಂಬ ಉಚಿತ ತಂತ್ರಾಂಶವನ್ನು ಕಲಿತು ತಾನೇ ಬಸ್ಸಿನ ಜಾಲರಿಯನ್ನು ಹೆಣೆದಿದ್ದಾನೆ. ನಿಲ್ದಾಣದಲ್ಲಿ ನಿಂತ ಬಸ್ಸನ್ನು ಟೇಪು ಹಿಡಿದು ಅಳೆಯುವಾಗ ನಿರ್ವಾಹಕರೊಬ್ಬರು ಗದರಿಸಿದರಂತೆ. ವಿಷಯ ತಿಳಿದ ಮೇಲೆ ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದರಂತೆ. ಎರಡು ಮಗ್ಗುಲಿಗೂ ಚಿತ್ರದಲ್ಲಿ ಬೇರೆ ಬೇರೆ ಜಾಗ ಕೊಟ್ಟಿದ್ದಾನೆ. ಕಡತದ ಜೊತೆಗೆ ನಾಲ್ಕು ಸಾಲಿನ ಒಂದು ಚೀಟಿಯನ್ನೂ ಇಟ್ಟಿದ್ದಾನೆ: ಆಟ ಯಾರದು, ಗಾಲಿಗಳ ಆಕಾರವನ್ನು ಯಾರಿಂದ ಕೇಳಿ ಪಡೆದೆ, ಬಾಡಿ ಮತ್ತು ಬಣ್ಣ ಯಾರವು, ಮಾರುವ ಹಾಗಿಲ್ಲ. ಮೊನ್ನೆ ತೋರಿಸಿದ. ಎಡಗಡೆಯಿಂದ ನೋಡಿದರೂ ‘ಕಂಪ್ಲಿ’ ಎಂದೇ ಓದಬಹುದು. ಗುರುತ್ವಕೇಂದ್ರವನ್ನು ಎಲ್ಲಿಟ್ಟಿದ್ದೀಯಪ್ಪ ಎಂದು ಕೇಳಿದೆ. ನಾಳೆ ಹೇಳುತ್ತೇನೆಂದು ಬಸ್ಸು ಹಿಡಿಯಲು ಓಡಿದ.